ಹಿಮ್ಮೇಳದ ಹೆಸರು ಬೇಡವೆಂದ ನಿಯಮ

ನಾನು ತಿದ್ದಿದ್ದನ್ನು ಮೂರನೆಯ ಸಲ ಅಳಿಸಿದ್ದರು. ಕಾರಣದ ಜಾಗದಲ್ಲಿ ಎರಡೇ ಪದ: ‘ನಿಯಮ ಏಳು’. ಬೆಳಗಿನ ಚಹಾ ಕೈಯಲ್ಲಿತ್ತು, ಕುಡಿಯುವಷ್ಟು ತಾಳ್ಮೆ ಉಳಿಯಲಿಲ್ಲ. ಮೊಬೈಲನ್ನು ಎತ್ತಿ ಹಾಸಿಗೆಯ ಮೇಲೆ ಒಗೆದೆ. ಗೋಡೆಗೇ ಒಗೆಯಬೇಕು ಅನ್ನುವಷ್ಟು ಸಿಟ್ಟಿತ್ತು, ಆದರೆ ಆಯುಷ್ಯವೆಲ್ಲ ಸಾಲೆಯಲ್ಲಿ ಕನ್ನಡ ಕಲಿಸಿದವಳಿಗೆ ಸಿಟ್ಟಿನಲ್ಲೂ ಒಂದು ಶಿಸ್ತು ಅಂಟಿಕೊಂಡಿರುತ್ತದೆ. ನನ್ನ ಹೊಟ್ಟೆ ಉರಿಸಿದ್ದು ಅವರು ಅಳಿಸಿದ್ದಲ್ಲ. ಆ ಏಳನೆಯ ನಿಯಮವನ್ನು ಬರೆದವಳು ನಾನೇ.

ಗಲಗಲಿಯಲ್ಲಿ ಹೆಸರುವಾಸಿಯಾದ ಒಂದು ಗೀಗೀ ಮೇಳವಿದೆ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಹಾಡಿನಲ್ಲೇ ನಡೆಯುವ ಹರದೇಶಿ-ನಾಗೇಶಿ ವಾದಕ್ಕೆ ಆ ಮೇಳ ನಿಂತರೆ ಎದುರಿನವರ ದಪ್ಪಿನ ಬಡಿತ ತಣ್ಣಗಾಗುತ್ತದೆ ಎಂಬ ಮಾತು ಬೀಳಗಿಯಿಂದ ತೇರದಾಳದವರೆಗೂ ಇತ್ತು. ಅದರ ಅಭಿಮಾನಿಗಳು ಸೇರಿ ಇಂಟರ್ನೆಟ್ಟಿನಲ್ಲಿ ಒಂದು ವಿಕಿ ಮಾಡಿದರು. ಮೇಳ ಹಾಡುವ ಒಂದೊಂದು ಪದಕ್ಕೆ ಒಂದೊಂದು ಪುಟ, ಹಾಡಿದವರಿಗೆ ಪುಟ, ಯಾವ ಊರಲ್ಲಿ ಯಾರೊಂದಿಗೆ ವಾದ ನಡೆಯಿತು ಎನ್ನುವುದಕ್ಕೆ ಪುಟ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಹಾಗಾಗಿ ಮೊದಲ ಆರು ತಿಂಗಳಲ್ಲಿ ಅದು ಸಂತೆಯೇ ಆಗಿಹೋಯಿತು.

ಒಬ್ಬ ಪುಟದ ತುಂಬ ಬೆಂಕಿಯ ಚಿತ್ರ ಹಚ್ಚುತ್ತಿದ್ದ. ಇನ್ನೊಬ್ಬ ಒಂದು ವಾಕ್ಯಕ್ಕೆ ಹನ್ನೊಂದು ಆಶ್ಚರ್ಯಸೂಚಕ ಹಾಕುತ್ತಿದ್ದ. ರಬಕವಿಯವನು ‘ನಮ್ಮೂರ ವಾದದಾಗ’ ಎಂದು ಬರೆದರೆ ಬನಹಟ್ಟಿಯವನು ಆ ‘ನಮ್ಮೂರ’ ತನ್ನೂರೇ ಎಂದು ಅದನ್ನು ಬನಹಟ್ಟಿಯ ಪುಟಕ್ಕೆ ಎಳೆದುಕೊಳ್ಳುತ್ತಿದ್ದ. ಪದದ ನುಡಿಗಳನ್ನೆಲ್ಲ ಒಂದೇ ಸಾಲಿನಲ್ಲಿ ರೈಲು ಬಿಟ್ಟಂತೆ ಬಿಡುವವರಿಗೆ ಲೆಕ್ಕವೇ ಇರಲಿಲ್ಲ. ಕೊನೆಗೆ ವಿಕಿಯ ಉಸ್ತುವಾರಿ ನೋಡುವವರು, ಮುಧೋಳದಲ್ಲಿ ಔಷಧಿ ಅಂಗಡಿ ಇಟ್ಟವರು, ಜಮಖಂಡಿಯ ನಮ್ಮ ಮನೆಗೇ ಬಂದರು. ‘ಮೇಡಂ, ನೀವ ಒಂದ ನಿಯಮಾವಳಿ ಬರದ ಕೊಡ್ರಿ. ನೀವಂದ್ರ ಯಾರೂ ತಕರಾರ ತಗ್ಯಾಂಗಿಲ್ಲ’ ಅಂದರು.

ನನಗೂ ಅದೇ ಬೇಕಾಗಿತ್ತು ನೋಡಿ. ನಿವೃತ್ತಿಯಾಗಿ ಎರಡು ವರ್ಷ ಕೆಂಪು ಪೆನ್ನು ಮುಟ್ಟಿರಲಿಲ್ಲ. ಒಂದು ಭಾನುವಾರ ಕುಳಿತು ಹದಿನಾಲ್ಕು ನಿಯಮ ಬರೆದೆ. ಶೀರ್ಷಿಕೆ ಎಷ್ಟು ದಪ್ಪ ಇರಬೇಕು, ನುಡಿಗೂ ನುಡಿಗೂ ನಡುವೆ ಎಷ್ಟು ಜಾಗ ಬಿಡಬೇಕು, ‘ಭಯಂಕರ ಹಾಡಿಕಿ’ ಎಂದು ಬರೆಯಬಾರದು, ಕೇಳಿದ್ದನ್ನು ಆಧಾರ ಎನ್ನಬಾರದು. ಏಳನೆಯದು ಹೀಗಿತ್ತು: ಪದದ ಕೊನೆಯ ನುಡಿಯಲ್ಲಿ ಯಾರ ಅಂಕಿತ ಇದೆಯೋ ಅವರೇ ಆ ಪದ ಕಟ್ಟಿದವರು, ಈ ಬಗ್ಗೆ ಚರ್ಚೆ ಬೇಡ. ಎಂಟನೆಯದು: ಮುಂದೆ ನಿಂತು ಹಾಡಿದವರ ಹೆಸರು ಮಾತ್ರ ಬರೆಯಬೇಕು, ಹಿಮ್ಮೇಳದವರಿಗೆ ‘ಮತ್ತು ಇತರರು’ ಎಂದರೆ ಸಾಕು. ಬರೆದು ಮುಗಿಸಿ ನನಗೆ ನಾನೇ ಶಭಾಷ್ ಅಂದುಕೊಂಡೆ. ‘ಚರ್ಚೆ ಬೇಡ’ ಎಂಬ ಎರಡು ಪದದ ಮೇಲೆ ವಿಶೇಷ ಪ್ರೀತಿ ಇತ್ತು.

ಬನಹಟ್ಟಿಗೆ ಹೋದದ್ದು ಬೇರೆ ಕೆಲಸಕ್ಕೆ. ಒಂದು ಪದದ ರೆಕಾರ್ಡಿಂಗಿನಲ್ಲಿ ನಡುವಿನ ಒಂದು ನುಡಿ ಕೇಳಿಸುತ್ತಿರಲಿಲ್ಲ. ಆ ಮೇಳದಲ್ಲಿ ಹಿಂದೆ ನಿಂತು ‘ಗೀಯ ಗೀಯ’ ಅನ್ನುತ್ತಿದ್ದ ಹೆಣ್ಣುಮಗಳೊಬ್ಬಳು ಅಲ್ಲಿ ಇದ್ದಾಳೆ, ಅವಳಿಗೆ ನೆನಪಿರಬಹುದು ಎಂದರು. ಹೋದಾಗ ಆಕೆ ಮಗ್ಗದ ಮನೆಯ ಹೊಸ್ತಿಲ ಒಳಗೆ ಕುಳಿತು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಎಪ್ಪತ್ತು ದಾಟಿರಬೇಕು. ಓಣಿಯವರೆಲ್ಲ ಆಯಿ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಕೇಳಿದ ನುಡಿಯನ್ನು ಆಯಿ ಕೈ ನಿಲ್ಲಿಸದೆ ಹೇಳಿದಳು:

‘ಮಗ್ಗ ಗಂಡಾದರ ನೂಲ ಹೆಣ್ಣಲ್ಲೇನೋ,
ನೂಲ ಹರದಾಗ ಮಗ್ಗ ಯಾಕ ನಿಂತಿತೋ.’

‘ಎಷ್ಟ ಛಲೋ ನೆನಪ ಇಟ್ಟೀರಿ ಆಯಿ’ ಅಂದೆ.

‘ನೆನಪ ಯಾಕ ಇಡಬೇಕ್ರಿ ಅಕ್ಕಾರ? ಕಟ್ಟಿದಾಕಿ ನಾನ’ ಅಂದಳು.

ಮೇಳಕ್ಕೆ ಪದಗಳನ್ನು ಇಲ್ಲೇ, ಇದೇ ರಾಟೆಯ ಮುಂದೆ ಕುಳಿತು ಕಟ್ಟುತ್ತಿದ್ದಳಂತೆ. ಮೇಳದ ಗುರು ಬಂದು ಕೇಳಿ ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದರಂತೆ. ಕೊನೆಯ ನುಡಿಯಲ್ಲಿ ಗಲಗಲಿಯ ಹೆಸರು, ಗುರುವಿನ ಹೆಸರು. ಅದು ಪದ್ಧತಿ. ಯಾರು ಕಟ್ಟಿದರೂ ಅಂಕಿತ ಮೇಳದ್ದೇ. ಪಕ್ಕದಲ್ಲಿ ನೂಲು ಬಿಡಿಸುತ್ತಿದ್ದ ಆಕೆಯ ನೆಗೆಣ್ಣಿ, ಮೈದುನನ ಹೆಂಡತಿ, ‘ಇಡೀ ಓಣಿಗೆ ಗೊತ್ತೈತ್ರಿ, ನಿಮಗೊಬ್ರಿಗೆ ಗೊತ್ತಿಲ್ಲ’ ಎಂದಳು.

ಆ ಪದದ ಪುಟಕ್ಕೆ ನಾನೇ ಒಂದು ವಾಕ್ಯ ಸೇರಿಸಿದ್ದೆ: ‘ನದಿದಂಡೆಯ ಒಕ್ಕಲಿಗನಾದ ಈ ಕವಿಗೆ ನೇಕಾರಿಕೆಯ ಅರಿವು ಎಷ್ಟು ಆಳವಾಗಿತ್ತು ಎನ್ನುವುದು ಬೆರಗು ಹುಟ್ಟಿಸುತ್ತದೆ.’ ಬೆರಗಂತೆ! ಮಗ್ಗದ ಸದ್ದು ಎರಡು ದಿನ ಕೇಳಿದರೆ ತಲೆನೋವು ಅನ್ನುವ ಮನುಷ್ಯನಿಗೆ ಕಂಡಿಕೆಯ ಗುಟ್ಟು ಹೇಗೆ ತಿಳಿಯಿತು ಎಂದು ಒಂದು ಸಲವಾದರೂ ಯೋಚಿಸಬೇಕಿತ್ತು. ಹತ್ತನೆಯ ತರಗತಿಯ ಮಕ್ಕಳಿಗೆ ‘ಕವಿಯ ಬದುಕು ಕಾವ್ಯದಲ್ಲಿ ಕಾಣುತ್ತದೆ’ ಎಂದು ಪಾಠ ಮಾಡಿದವಳು ಯಾರು?

ಆಯಿಗೆ ಓದು ಬರುವುದಿಲ್ಲ. ‘ಮೊಬೈಲನ್ಯಾಗ ನಮ್ಮ ಪದ ಎಲ್ಲಾ ಹಾಕ್ಯಾರಂತ. ನನ್ನ ಹೆಸರ ಎಲ್ಲಿ ಐತಿ, ಓದ್ರಿ’ ಅಂದಳು. ಓದಿದೆ. ಕಟ್ಟಿದವರು ಎಂಬಲ್ಲಿ ಗುರುವಿನ ಹೆಸರು. ಹಾಡಿದವರು ಎಂಬಲ್ಲಿ ಗುರುವಿನ ಹೆಸರು, ‘ಮತ್ತು ಇತರರು’. ಆಯಿ ರಾಟೆ ನಿಲ್ಲಿಸಿದಳು.

‘ಇತರರು ಅಂದ್ರ ಯಾರ್ರಿ?’

ನಾನು ಮೊಬೈಲನ್ನು ಮಡಿಲಿಗೆ ಇಳಿಸಿದೆ. ‘ನಮ್ಮ ಮೊಮ್ಮಗಳ ಸಾಲ್ಯಾಗ ಹೇಳ್ಯಾಳ, ನಮ್ಮಾಯಿ ಪದ ಕಟ್ಟತಾಳಂತ. ಅಲ್ಲಿ ಕಲಸೂ ಬಾಯಾರು ಮೊಬೈಲ್ ತಗದ ನೋಡಿ, ಸುಳ್ಳ ಹೇಳಬ್ಯಾಡ ಅಂದ್ರಂತ. ಹುಡುಗಿ ಅಳಕೋತ ಬಂತ್ರಿ. ಖರೇ ಹೇಳಿ ಬೈಸಿಕೊಳ್ಳೂದಂದ್ರ ಏನ್ರಿ ಇದು? ನನ್ನ ಹೆಸರ ಹಾಕ್ರಿ’ ಅಂದಳು. ಬೇಡಿಕೊಳ್ಳುವ ದನಿ ಅಲ್ಲ ಅದು. ತನ್ನ ಸಾಮಾನು ತಿರುಗಿ ಕೇಳುವವರ ದನಿ.

ಹಾಕಿದೆ. ಅಳಿಸಿದರು. ಮತ್ತೆ ಹಾಕಿದೆ, ಮತ್ತೆ ಅಳಿಸಿದರು. ಮೂರನೆಯ ಸಲದ ಮೇಲೆ ಮುಧೋಳಕ್ಕೆ ಫೋನು ಹಚ್ಚಿದೆ.

‘ಮೇಡಂ, ಹಿಂಗ ಕೇಳಿದ್ದನ್ನ ಬರದ್ರ ಹ್ಯಾಂಗ್ರಿ? ಆಧಾರ ಬೇಕಲ್ರಿ. ನೀವ ಬರದ ನಿಯಮ’ ಅಂದರು ಉಸ್ತುವಾರಿಯವರು. ದನಿಯಲ್ಲಿ ಬೆಣ್ಣೆ.

‘ಕಟ್ಟಿದಾಕಿನ ಬಾಯಿಬಿಟ್ಟ ಹೇಳಾಕತ್ತಾಳ, ಇನ್ನೇನ ಆಧಾರ?’

‘ತಮ್ಮ ಬಗ್ಗೆ ತಾವ ಹೇಳಿಕೊಂಡದ್ದ ನಡ್ಯಾಂಗಿಲ್ರಿ. ಹನ್ನೊಂದನೇ ನಿಯಮ.’

ಅದೂ ನನ್ನದೇ. ತಾನು ತೋಡಿದ ಬಾವಿಗೆ ತಾನೇ ಬೀಳುವುದು ಅಂದರೆ ಇದೇ ಅಂತ ಗೊತ್ತಿದ್ದರೂ ಬಾವಿಯ ಆಳ ಬಿದ್ದ ಮೇಲೆಯೇ ತಿಳಿಯುವುದು. ಅವರು ಮುಂದುವರಿದು, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬಂತೆ ಒಂದು ದಾರಿ ತೋರಿಸಿದರು. ಗುರುವಿನ ಹೆಸರು ತೆಗೆದು, ಕಟ್ಟಿದವರು ಎಂಬಲ್ಲಿ ‘ಅಜ್ಞಾತ’ ಎಂದು ಹಾಕೋಣವೇ?

‘ಅಜ್ಞಾತ? ಬನಹಟ್ಟ್ಯಾಗ ಚಹಾ ಕುಡದ ಕುಂತಾಳ, ಅಕಿ ಅಜ್ಞಾತ?’ ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಕಿಟಕಿಯಿಂದ ಇಣುಕಿದರು. ಇಣುಕಲಿ. ಬದುಕಿರುವವಳನ್ನು ಇಲ್ಲವಾಗಿಸುವುದಕ್ಕೆ ಇಷ್ಟು ಮರ್ಯಾದೆಯ ಪದ ಬೇರೆ ಕೇಡು.

ಮರುದಿನವೇ ಬಸ್ಸು ಹಿಡಿದು ಗಲಗಲಿಗೆ ಹೋದೆ. ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಬೈಗುಳಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಮೇಳದ ಗುರು ಅಂಗಳದಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದರು. ವಿಷಯ ಕೇಳಿ ನಕ್ಕೇಬಿಟ್ಟರು.

‘ಅಕಿನ ಕಟ್ಟತಿದ್ಲರಿ. ನಾ ಹಾಡತಿದ್ದೆ. ಹೆಸರ ಮೇಳದ್ದ ಹಾಕೂದು. ಇದ್ರಾಗ ಗುಟ್ಟ ಏನೈತಿ?’

‘ಹಂಗಾದ್ರ ಇಷ್ಟ ವರ್ಷ ಯಾಕ ಹೇಳಲಿಲ್ರಿ? ನಿಮಗ ಶಾಲ ಹೊಚ್ಚಿದಾಗ, ಕವಿ ಅಂದಾಗ, ಒಂದ ಸಲರ ಹೇಳಬೇಕಿತ್ತಲ್ಲ!’

‘ಯಾರ ಕೇಳಿದ್ರರಿ?’ ಅಂದರು. ಅಂದ ಮೇಲೆ ನಗು ನಿಂತಿತು. ಕೈಯಲ್ಲಿದ್ದ ಮೇವು ಕೆಳಗಿಟ್ಟರು. ಆಮೇಲೆ ರೆಕಾರ್ಡಿಂಗ್ ಹಚ್ಚಿದ ನನ್ನ ಮೊಬೈಲಿನ ಮುಂದೆ ನೆಟ್ಟಗೆ ಕುಳಿತು, ಮೇಳದ ಪದಗಳನ್ನೆಲ್ಲ ಕಟ್ಟಿದವಳು ಬನಹಟ್ಟಿಯವಳು ಎಂದು ಹೆಸರು ಹಿಡಿದು ಹೇಳಿದರು. ಜೋಡಿಸಿಕೊಂಡಿದ್ದ ಬೈಗುಳಗಳು ಹಾಗೇ ಉಳಿದವು, ಅದಕ್ಕೂ ನನಗೆ ಸಿಟ್ಟು.

ಆ ಆಡಿಯೋವನ್ನು ವಿಕಿಗೆ ಹಾಕಿದೆ. ಅಭಿಮಾನಿಗಳು ಸುಮ್ಮನಿದ್ದರೇ? ‘ಗುರುವಿಗೆ ಅವಮಾನ’ ಎಂದು ವಾರವಿಡೀ ಕೂಗಾಡಿದರು. ಗುರುವೇ ಹೇಳಿದ್ದಾರೆ ಎಂದರೆ, ಗುರು ಬಹಳ ದೊಡ್ಡ ಮನಸ್ಸಿನವರು ಎಂದು ಅದನ್ನೂ ಗುರುವಿನ ಪುಟಕ್ಕೇ ಸೇರಿಸಿದರು! ಆದರೂ ಆಡಿಯೋದ ಮುಂದೆ ಮಾತು ನಡೆಯಲಿಲ್ಲ. ಏಳನೆಯ ನಿಯಮ ಹೋಯಿತು. ‘ಮೇಳದ ಗುರುವಿನ ಹೇಳಿಕೆ ಆಧಾರವಾಗುತ್ತದೆ’ ಎಂದು ಹೊಸದು ಬಂತು. ಮೇಳದ ಇಪ್ಪತ್ತೆರಡು ಪದಗಳ ಪುಟಗಳನ್ನೂ ನಾನೇ ಕುಳಿತು ತಿದ್ದಿದೆ. ಇಪ್ಪತ್ತೆರಡು ಸಲ ಆಯಿಯ ಹೆಸರು ಬರೆಯುವಾಗ ಬೆರಳು ನೊಂದವು, ಮನಸ್ಸಿಗೆ ಮಾತ್ರ ಹಬ್ಬ.

ಓದಿ ಹೇಳಲು ಬನಹಟ್ಟಿಗೆ ಹೋದೆ. ಮೊಮ್ಮಗಳು ಆಯಿಯ ಬೆನ್ನಿಗೆ ಆತುಕೊಂಡು ನಿಂತಿದ್ದಳು. ಒಂದೊಂದು ಪದದ ಹೆಸರು, ಮುಂದೆ ಆಯಿಯ ಹೆಸರು. ಆಯಿ ಪ್ರತಿಯೊಂದಕ್ಕೂ ‘ಹೂಂ’ ಅನ್ನುತ್ತಿದ್ದಳು. ಒಂಬತ್ತನೆಯದಕ್ಕೆ ‘ಹೂಂ’ ಬರಲಿಲ್ಲ.

‘ಅದ ನಂದಲ್ರಿ.’

ಮುಂದೆ ಓದಿದಂತೆ ಇನ್ನೂ ಎರಡಕ್ಕೆ ತಲೆ ಅಲ್ಲಾಡಿಸಿದಳು. ಆ ಮೂರೂ ಪದ ತುಬಚಿಯವಳೊಬ್ಬಳದಂತೆ. ಹಿಮ್ಮೇಳದಲ್ಲಿ ಆಯಿಯ ಪಕ್ಕಕ್ಕೇ ನಿಲ್ಲುತ್ತಿದ್ದಳು. ತೀರಿಕೊಂಡು ಎಷ್ಟೋ ವರ್ಷವಾಯಿತು, ಮಕ್ಕಳಿಲ್ಲ.

‘ನನ್ನ ಹೆಸರ ತಗೀರಿ. ಅಕಿದ ಹಾಕ್ರಿ’ ಎಂದು ತುಬಚಿಯವಳ ಹೆಸರು ಹೇಳಿದಳು. ಆಮೇಲೆ ನನ್ನ ಮುಖ ನೋಡಿ ಕೇಳಿದಳು: ‘ಹಾಕೂಕಿಂತ ಮದ್ಲ ನನ್ನ ಒಂದ ಮಾತ ಕೇಳಬಾರದೇನ್ರಿ ಅಕ್ಕಾರ?’

ಕೇಳಿರಲಿಲ್ಲ. ಗುರು ‘ಎಲ್ಲಾ’ ಅಂದರು, ನಾನು ಎಲ್ಲ ಬರೆದೆ. ಅಲ್ಲೇ ಕುಳಿತು ಮೂರೂ ಪುಟ ತಿದ್ದಿದೆ. ನಾನು ಬಸ್‌ಸ್ಟ್ಯಾಂಡ್ ಮುಟ್ಟುವುದರೊಳಗೆ ಅಳಿಸಿಯಾಗಿತ್ತು. ಕಾರಣ: ‘ಗುರುವಿನ ಹೇಳಿಕೆ ಬೇರೆ ಇದೆ’. ಗಲಗಲಿಗೆ ಫೋನು ಮಾಡಿದೆ. ಗುರು ನೆನಪಿಸಿಕೊಳ್ಳಲು ನೋಡಿದರು. ‘ತುಬಚಿಯಾಕಿ? ಗೊತ್ತ ಹತ್ತವಲ್ದ್ರಿ. ಹಿಂದ ಯಾರ್ಯಾರೋ ನಿಂದರತಿದ್ರು’ ಅಂದರು.

ಈಗ ವಿಕಿಯ ನಿಯಮದ ಪ್ರಕಾರ ಆ ಮೂರು ಪದ ಆಯಿಯವು. ಅವಳೇ ಅಲ್ಲ ಅಂದರೂ ಅವಳವು. ನಾನು ದಿನಾ ಬೆಳಿಗ್ಗೆ ಎದ್ದು ತುಬಚಿಯವಳ ಹೆಸರು ಹಾಕುತ್ತೇನೆ. ಮಧ್ಯಾಹ್ನದೊಳಗೆ ಯಾರೋ ತೆಗೆಯುತ್ತಾರೆ. ‘ಹೀಗೇ ಮಾಡಿದರೆ ನಿಮ್ಮ ಖಾತೆ ಬಂದ್ ಮಾಡಬೇಕಾಗುತ್ತದೆ’ ಎಂದು ನೋಟಿಸು ಬಂದಿದೆ, ಅದೂ ನಾನೇ ಕಲಿಸಿದ ಶುದ್ಧ ಕನ್ನಡದಲ್ಲಿ. ಆಧಾರ ಏನು ಎಂದು ಕೇಳುವ ಜಾಗದಲ್ಲಿ ನಾನು ಪ್ರತಿದಿನ ಒಂದೇ ಸಾಲು ಬರೆಯುತ್ತೇನೆ: ಅವಳ ಪಕ್ಕದಲ್ಲಿ ನಿಂತು ಹಾಡಿದವಳು ಹೇಳಿದ್ದಾಳೆ. ಇವತ್ತೂ ಬರೆದಿದ್ದೇನೆ.