ಚಿಕ್ಕಬಸಮ್ಮನ ದನಿಗೆ ತಂತಿ ಕೂಡಿಸುವ ಮಹದೇವು

ಅಜ್ಜೀಪುರದಲ್ಲಿ ಇನ್ನೂ ಮಬ್ಬುಗತ್ತಲೆ. ಮದುವೆ ಮನೆಯ ಹಿತ್ತಲಲ್ಲಿ ಹಂಡೆ ನೀರು ಕಾಯುತ್ತಿದೆ. ಚಪ್ಪರದ ಕಂಬದ ಬುಡದಲ್ಲಿ ಗೋಣಿಚೀಲ ಹಾಸಿಕೊಂಡು ಕೂತಿದ್ದಾರೆ, ಹನೂರಿನ ರೇಡಿಯೋ ರಿಪೇರಿ ಮಹದೇವು. ಎಡಕ್ಕೆ ಅವರ ಟೇಪ್ ರೆಕಾರ್ಡರ್ ಪೆಟ್ಟಿಗೆ, ಬಲಕ್ಕೆ ಪಂಚಾಯಿತಿಯಿಂದ ಕೇಳಿ ತಂದ ದೊಡ್ಡ ರೇಡಿಯೋ. ತಂತಿಯ ತುದಿಯನ್ನು ಹಲ್ಲಿನಿಂದಲೇ ಸುಲಿದು, ಅರಿಶಿನದ ಬಟ್ಟಲು ಹಿಡಿದು ಹೋಗುತ್ತಿದ್ದ ಮದುಮಗಳ ತಾಯಿ ಪುಟ್ಟಮಲ್ಲಮ್ಮನವರನ್ನು ಕರೆಯುತ್ತಾರೆ.

"ಅಕ್ಕಾ, ಒಂದ್ ಚಿಟ್ಕೆ ಅರಿಸಿಣ ಕೊಡಿ."

"ಮೊದ್ಲು ಎಣ್ಗೋ, ನಿಮ್ ಪೆಟ್ಗೆಗೋ?"

"ಪೆಟ್ಗೆನೂ ಇವತ್ತು ಎಣ್ಣಿನ ಕಡೇದೇ ಕಣಕ್ಕಾ."

ಪುಟ್ಟಮಲ್ಲಮ್ಮ ನಗುತ್ತಾ ಬಟ್ಟಲು ಚಾಚುತ್ತಾರೆ. ಮಹದೇವು ಪೆಟ್ಟಿಗೆಯ ಒಂದು ತೂತಿಗೂ ತಂತಿಯ ತುದಿಗೂ ಅರಿಶಿನ ಹಚ್ಚುತ್ತಾರೆ. ಅರಿಶಿನವಿದ್ದದ್ದನ್ನು ಅರಿಶಿನವಿದ್ದಲ್ಲಿಗೆ ಸಿಕ್ಕಿಸಬೇಕು. ರೆಕಾರ್ಡು ಮಾಡುವ ಕೆಂಪು ಗುಂಡಿಗೆ ಮಾತ್ರ ಕುಂಕುಮ. "ಕುಂಕುಮ ಕಂಡ್ ಕಡೆ ಕೈ ಮುಗೀರಿ, ಮುಟ್ಬ್ಯಾಡಿ ಅಂತ ಎಲ್ಲಾ ಊರ್ಗೂ ಏಳ್ಕೊಟ್ಟಿವ್ನಿ ಸಾ," ಎಂದು ಪಕ್ಕದಲ್ಲಿ ಕೂತ ನನಗೆ ಹೇಳುತ್ತಾರೆ.

ಟೇಪ್ ರೆಕಾರ್ಡರಿನ ದನಿ ಪಡಸಾಲೆ ದಾಟುವುದಿಲ್ಲ. ಆದರೆ ಇಂಥ ರೇಡಿಯೋಗಳ ಬೆನ್ನಿಗೆ ಗ್ರಾಮಫೋನಿಗೆಂದು ಎರಡು ತೂತು ಇರುತ್ತವೆ. ಅಲ್ಲಿಗೆ ತಂತಿ ಕೂಡಿಸಿದರೆ ಟೇಪಿನ ದನಿ ರೇಡಿಯೋ ಹೊಕ್ಕು, ಬಿದಿರಿಗೆ ಕಟ್ಟಿದ ಹಾರನ್ನಿನಿಂದ ಬೀದಿಗೆಲ್ಲ ಕೇಳುತ್ತದೆ. ಗೋಪಿನಾಥಂನಿಂದ ಯಳಂದೂರಿನವರೆಗೆ ಈ ಕೆಲಸಕ್ಕೆ ಜನ ಹುಡುಕಿಕೊಂಡು ಬರುವುದು ಇವರನ್ನೇ.

ಕೊಳ್ಳೇಗಾಲದ ಮೈಕ್‌ಸೆಟ್ ಅಂಗಡಿಯಲ್ಲಿ ಹಾರನ್ನು ಹೊತ್ತು ಕಲಿತ ವಿದ್ಯೆಯಿದು. ಪೆಟ್ಟಿಗೆಯನ್ನು ಬಸ್ಸಿನ ಟಾಪಿಗೆ ಏರಿಸಲು ಇವರು ಒಪ್ಪುವುದಿಲ್ಲ. ತೊಡೆಯ ಮೇಲಿಟ್ಟುಕೊಂಡೇ ಪ್ರಯಾಣ. ಬಸ್ಸಿಲ್ಲದ ಕಡೆ ತಲೆಯ ಮೇಲೆ. ಮಳೆ ಬಂದರೆ ಕಂಬಳಿ ಪೆಟ್ಟಿಗೆಗೆ, ನೆನೆಯುವುದು ಮಹದೇವು. ಲಗ್ನದ ತಿಂಗಳುಗಳಲ್ಲಿ ಮನೆಯಲ್ಲಿ ಉಂಡ ದಿನಗಳೇ ಕಡಿಮೆ. ಹೆಂಡತಿ ಚನ್ನಮಲ್ಲಮ್ಮನವರ ದೂರು ಬೇರೆಯೇ: "ಊರೋರ್ ಮನೆ ರೇಡಿಯೋ ಎಲ್ಲಾ ಮಾತಾಡ್ತವೆ. ನಮ್ಮನೇದು ಮಾತ್ರ ಮೂಗ ಕಣ್ರಿ."

ಕುಂಕುಮ ಹಚ್ಚುವ ಪದ್ಧತಿ ಶುರುವಾದದ್ದು ಯಳಂದೂರಿನ ಒಂದು ಮನೆಯಲ್ಲಿ. ಮಾದಪ್ಪನ ಪದ ಹಾಕಿ ಇವರು ಕೈತೊಳೆಯಲು ಹೋಗಿದ್ದಾಗ, ದನಿ ಸಾಲದೆಂದು ನೆಂಟರೊಬ್ಬರು ಕೆಂಪು ಗುಂಡಿಯನ್ನೂ ಒತ್ತಿಬಿಟ್ಟರು. ಇದ್ದ ಪದ ಅಳಿಸಿಹೋಗಿ ಊಟದ ಪಂಕ್ತಿಯ ಮಾತು ಅಲ್ಲಿ ತುಂಬಿಕೊಂಡಿತು. "ಈಗ್ಲೂ ಅದ್ರಲ್ಲಿ ಮಾದಪ್ಪ ಬೆಟ್ಟ ಅತ್ತೋನು ಅರ್ಧಕ್ಕೇ ನಿಂತ್ಕಂಡು, 'ಲೇ, ಇತ್ತಗೆ ಸಾರು ಬರ್ನಿಲ್ಲ ಕಣ್ಲಾ' ಅಂತಾನೆ ಸಾ!"

ಇವತ್ತು ಪರೀಕ್ಷೆಗೆ ಹಾಕಿದ್ದೂ ಅದೇ ಟೇಪು. ಸಾರಿನ ಮಾತು ಹಾರನ್ನಿನಿಂದ ಹೊರಟದ್ದೇ ಚಪ್ಪರವೆಲ್ಲ ನಗುತ್ತದೆ. ನಗದೆ ಕೂತವರು ಮದುಮಗಳ ಅಜ್ಜಿ ಚಿಕ್ಕಬಸಮ್ಮ ಒಬ್ಬರೇ.

ಸುತ್ತಿನ ಹಳ್ಳಿಗಳ ಹೆಣ್ಣುಮಕ್ಕಳಿಗೆಲ್ಲ ಅರಿಶಿನ ಹಚ್ಚುವಾಗ ಸೋಬಾನೆ ಹೇಳಿದ ಗಂಟಲು ಅವರದು. ಹೋದ ವರ್ಷದ ಕಾಯಿಲೆ ಆ ದನಿಯನ್ನು ಕೊಂಡೊಯ್ದಿತು, ಉಳಿದದ್ದು ಪಿಸುಮಾತು. ಅದಕ್ಕೂ ಮೊದಲು, ಊರಿನ ಶಾಲೆಯಲ್ಲಿದ್ದ ಮೇಷ್ಟ್ರೊಬ್ಬರು ಅಜ್ಜಿಯನ್ನು ಕೂರಿಸಿಕೊಂಡು ಹಾಡಿಸಿ, ವರ್ಗವಾಗಿ ಹೋಗುವಾಗ ಟೇಪನ್ನು ಅವರ ಕೈಗೇ ಕೊಟ್ಟು ಹೋಗಿದ್ದರು. ಇರುವುದು ಅದೊಂದೇ. ಮೊಮ್ಮಗಳ ಅರಿಶಿನಕ್ಕೆ ತನ್ನ ದನಿಯೇ ಆಗಬೇಕೆಂಬುದು ಅಜ್ಜಿಯ ಆಸೆ. ಅಳಿಸಿಹೋದರೆ ಮತ್ತೆ ಹಾಡುವವರಿಲ್ಲ.

ಒಮ್ಮೆ ಹಾಕಿ ನೋಡೋಣವೇ ಎಂದು ಮಹದೇವು ನಿನ್ನೆಯೇ ಕೇಳಿದ್ದರು. ಅಜ್ಜಿ ಒಪ್ಪಲಿಲ್ಲ: "ಶಾಸ್ತ್ರದ ಪದ ಶಾಸ್ತ್ರದೊತ್ಗೇ ಆಗ್ಬೇಕು ಕಣಪ್ಪ. ಮುಂಚೆ ಆಡ್ಬಾರ್ದು."

ಹಾಗಾಗಿ ಟೇಪಿನಲ್ಲಿ ಏನಿದೆಯೆಂದು ಕೇಳದೆಯೇ, ಮೊಮ್ಮಗಳು ಶಿವರತ್ನಮ್ಮ ಹಸೆಗೆ ಬಂದು ಕೂತಾಗ, ಮಹದೇವು ಪೆಟ್ಟಿಗೆಗೆ ಕೈ ಮುಗಿದು ಗುಂಡಿ ಒತ್ತುತ್ತಾರೆ. ಹಾರನ್ನಿನಿಂದ ದನಿ ಬರುತ್ತದೆ. ತುಂಬಿದ, ಎಳೆದು ಹಾಡುವ ದನಿ; ಅಡುಗೆಯವರು ಸೌಟು ಹಿಡಿದೇ ಹೊರಗೆ ಬರುತ್ತಾರೆ. ಶಿವನನ್ನು ನೆನೆದ ಮೊದಲ ಸಾಲು ಮುಗಿಯುತ್ತದೆ.

ಆಮೇಲೆ ಸದ್ದೇ ಇಲ್ಲ.

ಟೇಪಿನ ಚಕ್ರ ತಿರುಗುತ್ತಲೇ ಇದೆ, ಹಾಡಿಲ್ಲ. ಪುಟ್ಟಮಲ್ಲಮ್ಮನವರ ಅರಿಶಿನದ ಕೈ ಮಗಳ ಕೆನ್ನೆಯ ಹತ್ತಿರ ನಿಂತಿದೆ. "ಅಯ್ಯೋ ಮಾದಪ್ಪಾ, ತಂತಿ ಬುಟ್ಕತಾ?" ಎಂದು ಮಹದೇವು ರೇಡಿಯೋದ ಬೆನ್ನಿಗೆ ಕೈ ಹಾಕುತ್ತಾರೆ. ಚಿಕ್ಕಬಸಮ್ಮ ಅವರ ಮಣಿಕಟ್ಟು ಹಿಡಿದುಕೊಳ್ಳುತ್ತಾರೆ.

"ಬುಡಪ್ಪ, ಕೀಳ್ಬ್ಯಾಡ. ಸೊಲ್ಲು ಕೊಡೋರ್ಗೆ ಜಾಗ ಬುಟ್ಟಿವ್ನಿ."

ಸೋಬಾನೆಯಲ್ಲಿ ಒಬ್ಬರು ಹೇಳಿದ ಸಾಲನ್ನು ಮಿಕ್ಕವರು ಎತ್ತಿ ಹೇಳಬೇಕು, ಅದೇ ಸೊಲ್ಲು. ಖಾಲಿ ಕೋಣೆಯಲ್ಲಿ ಮೇಷ್ಟ್ರೊಬ್ಬರ ಮುಂದೆ ಹಾಡಿದರೂ, ಅಲ್ಲಿರದ ಹೆಂಗಸರಿಗಾಗಿ ಅಜ್ಜಿ ಸಾಲುಸಾಲಿಗೂ ನಿಲ್ಲಿಸಿ ಕಾದಿದ್ದಾರೆ. ಈಗ ಹೆಂಗಸರ ಕಡೆ ತಿರುಗಿ ಪಿಸುಗುಡುತ್ತಾರೆ: "ಏನ್ರವ್ವಾ, ಬಾಯ್ಗೆ ಕಡುಬು ತುರ್ಕಂಡಿದ್ದೀರಾ?"

ಮೂಲೆಯಿಂದ ಒಂದು ಮುದಿ ದನಿ ಏಳುತ್ತದೆ. ಇನ್ನೆರಡು ಸೇರುವಷ್ಟರಲ್ಲಿ ಹಾರನ್ನಿನಿಂದ ಎರಡನೆಯ ಸಾಲು ಬಂದೇಬಿಡುತ್ತದೆ. ತಡವಾಯಿತು. ಮೂರನೆಯ ಸಾಲಿಗೆ ಹೆಂಗಸರು ಕಾದಿರುತ್ತಾರೆ, ಸರಿಯಾಗಿ ಎತ್ತಿಕೊಳ್ಳುತ್ತಾರೆ. ಅರಿಶಿನದ ಕೈ ಮಗಳ ಕೆನ್ನೆಗಿಳಿಯುತ್ತದೆ. ಅಜ್ಜಿಯ ತುಟಿಗಳೂ ಸೊಲ್ಲು ಕೊಡುವವರ ಜೊತೆಗೇ ಆಡುತ್ತಿವೆ.

ಶಾಸ್ತ್ರ ಮುಗಿದ ಮೇಲೆ ಮಹದೇವು ಟೇಪನ್ನು ಹಿಂದಕ್ಕೆ ಸುತ್ತಿ ಅಜ್ಜಿಯ ಮುಂದೆ ಹಿಡಿಯುತ್ತಾರೆ. ಅಜ್ಜಿ ತೆಗೆದುಕೊಳ್ಳುವುದಿಲ್ಲ.

"ನೀನೇ ಮಡೀಕ. ಯಾವ್ ಎಣ್ಮಗೀನ ಮದ್ವೆ ಆದ್ರೂ ಆಡ್ಸು. ಸೊಲ್ಲು ಕೊಡೋರು ಇದ್ರೆ ಮಾತ್ರ, ಕೇಳಸ್ತಾ?"

ಮಹದೇವು ಅದನ್ನು ಕಣ್ಣಿಗೊತ್ತಿಕೊಂಡು ಅಂಗಿಯ ಒಳಗೆ ಇಟ್ಟುಕೊಳ್ಳುತ್ತಾರೆ. ಊಟಕ್ಕೆ ಏಳುವಾಗ ನನ್ನ ಕಡೆ ತಿರುಗಿ ಹೇಳುತ್ತಾರೆ: "ಎಷ್ಟೋ ಮದ್ವೇಲಿ ಟೇಪ್ ಆಕಿವ್ನಿ ಸಾ. ಪೆಟ್ಗೆಗೆ ಜನ ಸೊಲ್ಲು ಕೊಟ್ಟಿದ್ದು ಇವತ್ತೇ ನೋಡಿದ್ದು."