ಗೂಳಿಗೆ ಒಡೆಯನಾದ ಗಾಳೆಪ್ಪ

ಸಿರುಗುಪ್ಪದಲ್ಲಿ, ಪರರ ಬೆಳೆ ಮೇಯ್ದ ದನಗಳನ್ನು ಕೂಡಿಹಾಕುವ ಸರಕಾರಿ ದೊಡ್ಡಿಗೆ ಊರ ಹೊರಗಿನ ಕೇರಿಯ ಗಾಳೆಪ್ಪ ಕಾವಲುಗಾರ. ಎಮ್ಮೆ, ಕತ್ತೆ, ಮೇಕೆ, ಯಾವುದಕ್ಕೂ ಜಗ್ಗಿದವನಲ್ಲ. ಆದರೆ ೧೮೮೮ರ ಚಳಿಗಾಲದಲ್ಲಿ ಬಂದ ಕೈದಿಯ ಮುಂದೆ ಅವನೇ ಕೈಮುಗಿದು ನಿಂತ. ಅದು ದೇವರಿಗೆ ಬಿಟ್ಟ ಗೂಳಿ. ಸರಕಾರಿ ಬಂಗಲೆಯ ಬಿಳಿ ದೊರೆ ಆಸೆಯಿಂದ ಬೆಳೆಸಿದ್ದ ಕೋಸುಗಡ್ಡೆಯನ್ನೆಲ್ಲ ಬೇರುಸಹಿತ ಮುಗಿಸಿ ಬಂದಿತ್ತು.

"ಒಡೆಯ ಯಾರೋ?" ಎಂದರು ಶಾನಭೋಗ ಗುರುರಾಯರು, ಲೇಖಣಿ ಹಿಡಿದು.

"ಕುರುಗೋಡು ಬಸವಣ್ಣರಿ. ಆತಗ ಬಿಟ್ಟದ್ದೈತಿ," ಎಂದ ಗಾಳೆಪ್ಪ.

ರಾಯರು ತೂಕಡಿಸುತ್ತಲೇ ಹಾಗೇ ಬರೆದರು. ಬರೆದದ್ದನ್ನೆಲ್ಲ ನಂಬುವುದು ಕಚೇರಿಯ ಹಣೆಬರಹ. ಬಸವಣ್ಣನ ಹೆಸರಿಗೆ ನೋಟೀಸು ಹೊರಟಿತು. ಜವಾನ ಕುರುಗೋಡಿಗೆ ನಡೆದುಹೋಗಿ, ಕಲ್ಲಿನ ಬಸವಣ್ಣನೆದುರು ಅದನ್ನು ಗಟ್ಟಿಯಾಗಿ ಓದಿ, ಉತ್ತರಕ್ಕೆ ಕಾದು, ಪ್ರಸಾದ ತಿಂದು ಬಂದ. "ಒಡೆಯ ಹಾಜರಿಲ್ಲ" ಎಂದು ಷರಾ ಬಿತ್ತು. ಏಳು ದಿನದಲ್ಲಿ ಒಡೆಯ ಬಂದು ದಂಡ ಕಟ್ಟದಿದ್ದರೆ ಹರಾಜು. ಬಳ್ಳಾರಿ ಕಂಟೋನ್ಮೆಂಟಿನ ಬಿಳಿ ಸಿಪಾಯಿಗಳಿಗೆ ಮಾಂಸ ಒದಗಿಸುವ ಗುತ್ತಿಗೆದಾರ ಆಗಲೇ ಬಂದು ಗೂಳಿಯ ತೊಡೆ ನೋಡಿ ಹೋಗಿದ್ದ.

ಊರಿಗೆ ಊರೇ ದೊಡ್ಡಿಗೆ ಬಂದು ಗೂಳಿಗೆ ಕುಂಕುಮ ಹಚ್ಚಿ, ಬೆಲ್ಲ ತಿನ್ನಿಸಿ, ಗೊಳೋ ಎಂದು ಅತ್ತಿತು. "ನನ್ನದು" ಎಂದು ಹೆಬ್ಬೆಟ್ಟು ಒತ್ತಲು ಮಾತ್ರ ಒಬ್ಬನೂ ಇಲ್ಲ. ದೇವರ ಸೊತ್ತನ್ನು ತನ್ನದೆಂದರೆ ಬಾಯಲ್ಲಿ ಹುಳ ಬೀಳುತ್ತದಂತೆ. ಇವರ ಭಕ್ತಿ ಬೆಲ್ಲದವರೆಗೆ.

ಏಳನೆಯ ದಿನ ಗೂಳಿ ಗಾಳೆಪ್ಪನ ರುಮಾಲಿನ ತುದಿ ಮೆಲ್ಲುತ್ತ ನಿಂತಿತ್ತು. ಅವನು ಅದನ್ನು ಬಿಡಿಸಿಕೊಂಡು ತಲೆಗೆ ಸುತ್ತಿದ. ನೆಟ್ಟಗೆ ರಾಯರ ಬಳಿ ಹೋಗಿ ಹೆಬ್ಬೆಟ್ಟು ಒತ್ತಿದ.

"ನಂದೈತಿ, ಬರ್ಕೊಳ್ರಿ. ಹುಳ ಬಿದ್ರ ಬೀಳ್ಲಿ."

ದಂಡಕ್ಕೆ ಹೆಂಡತಿ ಹುಲುಗಮ್ಮನ ಬೆಳ್ಳಿಕಡಗ ಹೋಯಿತು. ಅವಳು ಗಂಡನನ್ನೂ ಗೂಳಿಯನ್ನೂ ಒಂದೇ ಉಸಿರಿನಲ್ಲಿ ಬೈದು, ಗೂಳಿಗೆ ಮೊದಲು ನೀರಿಟ್ಟಳು.

ಮರುದಿನ ಗೂಳಿ ಎಂದಿನಂತೆ ನೈವೇದ್ಯಕ್ಕೆಂದು ಊರ ಗುಡಿಯೊಳಕ್ಕೆ ಹೊರಟಿತು. ಪೂಜಾರಿ ಬಾಗಿಲಿಗೆ ಅಡ್ಡನಿಂತ.

"ನಿನ್ನಿತನಕ ದೇವರದಿತ್ತು. ಈಗ ಕಾಗದದ ಮ್ಯಾಲೆ ಗಾಳೆಪ್ಪಂದು. ಆ ಕೇರಿ ದನಕ್ಕ ಒಳಗ ಜಾಗ ಇಲ್ಲ."

ಗುಡಿಯೊಳಗೆ ಬರಬಾರದ ತನ್ನ ಜನ ನಿಲ್ಲಲೆಂದು ಊರವರು ಗೊತ್ತುಮಾಡಿದ್ದ ಬೇವಿನ ಮರದ ಬುಡದಿಂದ ಗಾಳೆಪ್ಪ ನೋಡುತ್ತಿದ್ದ. ಮೊದಲು ನಗು ಬಂತು, ಆಮೇಲೆ ತಡೆಯಲಾರದ ಸಂಕಟವಾಯಿತು. ಗೂಳಿ ಏನೂ ತಿಳಿಯದೆ ಬಂದು ಅವನ ಪಕ್ಕ ನಿಂತಿತು.

"ಬಾರಲೇ," ಎಂದು ಅವನು ಸರಿದು ಜಾಗ ಬಿಟ್ಟ. "ಇಲ್ಲಿಂದ ದೇವರ ಮುಖ ಕಾಣಂಗಿಲ್ಲ. ಗಂಟಿ ಸಪ್ಪಳ ಕೇಳತೈತಿ."