ತಮ್ಮನ ಮರದ ಕೊಬ್ಬರಿ

ನನ್ನ ತಮ್ಮ ಹುಟ್ಟಿದ ವಾರಕ್ಕೆ ಅಪ್ಪ ಬಾವಿಯ ಪಕ್ಕ ಒಂದು ತೆಂಗಿನ ಸಸಿ ನೆಟ್ಟಿದ್ದರು. ತಮ್ಮ ಸೇನೆ ಸೇರಿದ, ಗಡಿಯಲ್ಲಿ ಸತ್ತ. ಮರ ಈಗಲೂ ಕಾಯಿ ಬಿಡುತ್ತಿದೆ. ಅದರ ಕಾಯಿಯನ್ನು ನಾವು ಮಾರುವುದಿಲ್ಲ. ಅಟ್ಟಕ್ಕೆ ಹಾಕಿ ವರ್ಷದ ತನಕ ಮುಟ್ಟದೆ ಬಿಡುತ್ತೇವೆ. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಡಗಡ ಅನ್ನುವ ಹೊತ್ತಿಗೆ ಅವನು ತೀರಿಕೊಂಡ ದಿನ ಬಂದಿರುತ್ತದೆ. ಆವತ್ತು ಊರವರು ಅವನ ನೆನಪಿಗೆ ನಿಲ್ಲಿಸಿದ ಕಲ್ಲಿನ ಮುಂದೆ ಬಾವುಟ ಹಾರಿಸುತ್ತಾರೆ. ಆ ಕೊಬ್ಬರಿಯನ್ನು ಬೆಲ್ಲದ ಜೊತೆ ಎಲ್ಲರಿಗೂ ಹಂಚುತ್ತೇವೆ.

ಚಿಪ್ಪು ಬಿಡಿಸಿದ ಇಡೀ ಕೊಬ್ಬರಿಗೆ ನಾವು ಗಿಟುಕು ಅನ್ನುತ್ತೇವೆ; ಮೊದಲ ಗಿಟುಕು ಮಾತ್ರ ಹಂಚುವುದಕ್ಕಲ್ಲ. ಅದು ಒಡೆಯದೆ, ಉಂಡೆಯಾಗಿಯೇ ಅವ್ವನ ಕೈಗೆ ಬರಬೇಕು. ಕೊಡುವವನು ತಮ್ಮನ ಗೆಳೆಯ. ತಿಪಟೂರಿನ ಮುಸ್ಲಿಂ ಮನೆಯವನು, ಮಂಡಿಯಲ್ಲಿ ಕಾಯಿ ಸುಲಿಯುವ ಕೆಲಸ. ಇಬ್ಬರೂ ಹೈಸ್ಕೂಲಿನಲ್ಲಿ ಒಂದೇ ಬೆಂಚು. ಮಚ್ಚಿನ ಹಿಂಬದಿಯಿಂದ ಚಿಪ್ಪಿನ ಸುತ್ತ ನಾಲ್ಕು ಪೆಟ್ಟು ಕೊಟ್ಟನೆಂದರೆ ಗಿಟುಕು ಒಂದು ಗೀರೂ ಬೀಳದೆ ಹೊರಗೆ ಬರುತ್ತಿತ್ತು. ಅವ್ವನಿಗೆ ಕಣ್ಣು ಹೋಗಿ ಬಹಳ ವರ್ಷವಾಯಿತು. ಗಿಟುಕನ್ನು ಎರಡೂ ಕೈಯಲ್ಲಿ ಉರುಳಿಸಿ, "ಬಂದ್ಯಾ ಮಗ" ಅನ್ನುತ್ತಿದ್ದಳು. "ಬಂದೆ ಕಣವ್ವ" ಅನ್ನುತ್ತಿದ್ದ ಆ ಗೆಳೆಯ. ವರ್ಷಕ್ಕೊಂದು ಸಲ ಕೇಳುವ ಆ ಮಾತಿಗಾಗಿಯೇ ಅವಳು ಜೀವ ಹಿಡಿದುಕೊಂಡಿದ್ದಾಳೆ ಅಂತ ನನಗೆ ಅನ್ನಿಸಿದ್ದುಂಟು.

ತಮ್ಮ ರಜೆ ಮುಗಿಸಿ ಹೋಗುವಾಗ ಚೀಲದ ತುಂಬ ಗಿಟುಕು ಕಟ್ಟಿ ಕಳಿಸುತ್ತಿದ್ದೆವು. ಪಂಜಾಬಿನವನು, ಅಸ್ಸಾಮಿನವನು, ತಮಿಳುನಾಡಿನವನು ಎಲ್ಲ ಕಿತ್ತುಕೊಂಡು ತಿಂತಾರೆ, ನನಗೆ ಚೂರೂ ಉಳಿಯಲ್ಲ ಅಂತ ಫೋನಿನಲ್ಲಿ ನಮ್ಮನ್ನೇ ಬೈಯುತ್ತಿದ್ದ. ಅವನ ಶವದ ಪೆಟ್ಟಿಗೆ ಬಂದ ದಿನ ದಾರಿಯ ಕಿಬ್ಬನಹಳ್ಳಿಯಲ್ಲಿ ಅಂಗಡಿಯವರು ಬಾಗಿಲು ಹಾಕಿ ರಸ್ತೆಗೆ ಬಂದು ನಿಂತಿದ್ದರು. ಹೆಗಲು ಕೊಟ್ಟವರು ಯಾವ ಜಾತಿ ಅಂತ ಕೇಳುವ ಮೂಳ ಒಬ್ಬನೂ ಅಲ್ಲಿರಲಿಲ್ಲ.

ಈಗ ಊರಲ್ಲಿ ಎರಡು ಗುಂಪು. ಫೋನಿಗೆ ಬಂದ ಯಾವುದೋ ವಿಡಿಯೊದಿಂದ ಶುರುವಾಯಿತಂತೆ. ತಮ್ಮನ ದಿನಕ್ಕೆ ಇನ್ನೂ ವಾರವಿತ್ತು, ಒಂದು ಗುಂಪಿನವರು ಮನೆಗೆ ಬಂದರು.

"ಯೋಧನ ದಿನ ಕಣಕ್ಕ. ಸಾಬ್ರ ಕೈಲಿ ಕೊಬ್ರಿ ಒಡ್ಸೋದು ಸರಿ ಕಾಣಾಕಿಲ್ಲ. ಅವ್ನು ಬಂದ್ರೆ ನಾವು ಸುಮ್ಕಿರಾಕಿಲ್ಲ."

ಸಂಜೆಗೆ ಇನ್ನೊಂದು ಗುಂಪು ಬಂತು. "ಅವ್ನು ಬರ್ಲೇಬೇಕು ಕಣಕ್ಕ. ಅದೆಂಗೆ ತಡೀತಾರೋ ನೋಡೇ ಬುಡಾನ."

ಇವರಿಗೂ ಅವನು ಬೇಕಾಗಿರಲಿಲ್ಲ, ಜಗಳ ಬೇಕಾಗಿತ್ತು. ಎರಡೂ ಗುಂಪಿಗೆ ಟೀ ಕಾಯಿಸಿ ಕೊಟ್ಟೆ. ಮುಖಕ್ಕೆ ಉಗಿದು ಕಳಿಸಬೇಕಿತ್ತು. ಬಾಯಿಬಡುಕಿ ಅಂತ ಊರಲ್ಲೆಲ್ಲ ಹೆಸರು ತೆಗೆದುಕೊಂಡವಳು ನಾನು, ಆವತ್ತು ನನ್ನ ಬಾಯಿಗೇನು ಬಡಿದಿತ್ತೋ ಗೊತ್ತಿಲ್ಲ. ಹೆದರಿದೆ, ಅಷ್ಟೇ.

ಮಾರನೇ ದಿನ ನಾನೇ ಅವನಿಗೆ ಫೋನ್ ಮಾಡಿದೆ. "ಈ ವರ್ಸ ಬರ್ಬ್ಯಾಡ ಕಣಪ್ಪ. ಊರು ಸರಿ ಇಲ್ಲ. ನಿಂಗೇನಾದ್ರೂ ಆದ್ರೆ ನಾನು ತಡ್ಕಳಾಕಿಲ್ಲ."

ಅವನ ಹಿಂದೆ ಮಂಡಿಯ ಗದ್ದಲ ಕೇಳಿಸುತ್ತಿತ್ತು. "ಆಯ್ತಕ್ಕ. ಅವ್ವಂಗೆ ಏನಂತೀಯ?" ಅಂದ.

"ಜ್ವರ ಅಂತೀನಿ."

"ಜ್ವರ ಬಂದಾಗ್ಲೂ ಬಂದಿದೀನಲ್ಲಕ್ಕ."

ಫೋನ್ ಅವನು ಇಡಲಿಲ್ಲ. ನಾನೇ ಇಟ್ಟೆ.

ತಮ್ಮನ ದಿನದ ಹಿಂದಿನ ಮಧ್ಯಾಹ್ನ ಅಟ್ಟದಿಂದ ಕಾಯಿ ಇಳಿಸಿಕೊಂಡು ಕೂತೆ. ಮಟ್ಟೆ ಸುಲಿಯುವುದು ನನಗೂ ಗೊತ್ತು. ಚಿಪ್ಪು ಬಿಡಿಸುವ ಕೈ ನನ್ನದಲ್ಲ. ಮೊದಲನೆಯದು ಪೆಟ್ಟು ಜೋರಾಗಿ ಚೂರಾಯಿತು, ಎರಡನೆಯದು ಸೀಳಿತು. ಇದ್ದಬದ್ದ ಕಾಯಿಯೆಲ್ಲ ಒಡೆದೆ, ಒಂದಾದರೂ ಇಡಿಯಾಗಿ ಬರಬಾರದೇ? ಅಂಗಡಿಯಿಂದ ಒಂದು ತಂದುಬಿಡೋಣ ಅಂತಲೂ ಯೋಚಿಸಿದೆ. ಆಡುವ ಸುಳ್ಳು ಒಂದು ಸಾಲದೇ ಅನ್ನಿಸಿ ಬಿಟ್ಟೆ.

ತಮ್ಮನ ದಿನ ಒಂಬತ್ತಕ್ಕೆ ಒಂದು ಗುಂಪು ಬಾವುಟ ಹಾರಿಸಿತು. ಹನ್ನೊಂದಕ್ಕೆ ಇನ್ನೊಂದು ಗುಂಪು ಅದನ್ನು ಇಳಿಸಿ ತನ್ನದನ್ನು ಹಾರಿಸಿತು. ಎರಡೂ ಒಂದೇ ಬಾವುಟ. ಎರಡು ಸಲವೂ ಜನಗಣಮನ ಹಾಡಿ, ಮೈಕಿನಲ್ಲಿ, ನಾವೆಲ್ಲ ಒಂದೇ ಅಂತ ಗಂಟಲು ಹರಿಯುವಂತೆ ಭಾಷಣ ಮಾಡಿದರು. ಕೊಬ್ಬರಿ ಚೂರು ಇಸಕೊಂಡು ಬಾಯಿಗೆ ಹಾಕಿಕೊಂಡು ಹೋದರು. ಇಡಿ ಗಿಟುಕು ಎಲ್ಲಿ ಅಂತ ಯಾರೂ ಕೇಳಲಿಲ್ಲ.

ಅವ್ವ ಜಗಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದಳು. "ಒಬ್ಬನಿಗೆ ಎಲ್ಡು ಸಲ ಯಾಕೇ ಹಾಡ್ತಾರೆ?" ಅಂದಳು. ನಾನು ಸರಿಯಾಗಿ ಸೀಳಿದ್ದ ಎರಡು ಹೋಳು ಆರಿಸಿ, ಒಂದಕ್ಕೊಂದು ಒತ್ತಿ ಹಿಡಿದು, ಉಂಡೆ ಮಾಡಿ ಅವಳ ಅಂಗೈಯಲ್ಲಿಟ್ಟೆ.

"ಬಂದ್ಯಾ ಮಗ," ಅಂದಳು.

ನಾನು ಕೈ ತೆಗೆದೆ. ಹೋಳು ಎರಡಾಗಿ ಬಿಚ್ಚಿಕೊಂಡವು.

"ಅವ್ನಿಗೆ ಜ್ವರ ಕಣವ್ವ," ಅಂದೆ.

ಅವ್ವ ಒಡೆದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. "ಯಾರು ಬ್ಯಾಡ ಅಂದ್ರು?"

ಇನ್ನೊಬ್ಬರ ಹೆಸರು ಹೇಳಬಹುದಿತ್ತು, ಹೇಳಲು ಜನರೂ ಇದ್ದರು. "ನಾನೇ ಕಣವ್ವ," ಅಂದೆ. ಅಳು ತಡೆಯಲಾಗಲಿಲ್ಲ.

ಅವಳು ಬೈಯಲಿಲ್ಲ. ಎರಡೂ ಹೋಳನ್ನು ತಡವಿ ನನ್ನ ಮಡಿಲಿಗೆ ಹಾಕಿದಳು.

"ಸತ್ತೋನು ಬರಾಕಿಲ್ಲ ಅಂತ ಸಮಾಧಾನ ಮಾಡ್ಕಂಡಿದ್ದೆ," ಅಂದಳು. "ಇವ್ನು ಬದುಕಿದ್ನಲ್ಲೇ."